ಹವಳಕ್ಕೆ ನೀರು ಒಗ್ಗಿಸಿದ ಮುನ್ನೂರು ವರ್ಷ

ಭಾಗ 1/10
ಅಜ್ಜಿಯ ಸರದಲ್ಲಿರೋದು ಯಾರು?

ಹಾಸ್ಟೆಲ್ ಸೇರಿದ ಮೊದಲ ವಾರ ನೆಗಡಿ ಬಂದ್ರೆ ಮನೆಯಲ್ಲಿ ಏನಂತಾರೆ? "ಹೊಸ ಊರಿನ ನೀರು, ಇನ್ನೂ ಒಗ್ಗಿಲ್ಲ ಬಿಡು" ಅಂತಾರೆ. ಹದಿನೈದು ದಿನ ಕಳೆದ್ರೆ ಸರಿಹೋಗುತ್ತೆ. ಮನುಷ್ಯರಿಗೆ ಹೇಗೋ ನೀರು ಒಗ್ಗುತ್ತೆ. ಆದ್ರೆ ನೀರು ಅಷ್ಟು ಸುಲಭಕ್ಕೆ ಒಗ್ಗದ ಒಂದು ಪ್ರಾಣಿ ಇದೆ. ಈ ಸರಣಿ ಪೂರ್ತಿ ಅದರ ಬಗ್ಗೆ. ಅದು ಹವಳ.

ರೀಲ್ಸ್‌ನಲ್ಲಿ ನೀವೆಲ್ಲ ನೋಡೇ ಇರ್ತೀರ. ಕತ್ತಲೆ ಕೋಣೆ, ನೀಲಿ ಲೈಟು, ಗಾಜಿನ ತೊಟ್ಟಿ. ಒಳಗೆ ಹಸಿರು, ನೇರಳೆ, ಕಿತ್ತಳೆ ಬಣ್ಣದಲ್ಲಿ ಹೊಳೆಯೋ ಹವಳಗಳು. ಒಬ್ಬರು ಪ್ಲಾಸ್ಟಿಕ್ ಚೀಲ ಕತ್ತರಿಸಿ, ಸಣ್ಣ ಕೊಳವೆಯಲ್ಲಿ ಹನಿ ಹನಿ ನೀರು ಬಿಡ್ತಾ ಕೂತಿರ್ತಾರೆ. ಕಡಲಿನಿಂದ ಬಂದ ಹವಳವನ್ನ ಮನೆಯ ತೊಟ್ಟಿಗೆ ಒಗ್ಗಿಸೋ ಕೆಲಸ ಅದು. ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಮುಗಿದುಹೋಗೋ ಆ ಕೆಲಸವನ್ನ ಕಲಿಯೋಕೆ ಮನುಷ್ಯರಿಗೆ ಸುಮಾರು 300 ವರ್ಷ ಬೇಕಾಯ್ತು.

ಮೊದಲು ಹೆಸರಿನಿಂದ ಶುರುಮಾಡೋಣ. ಸಂಸ್ಕೃತದ 'ಪ್ರವಾಲ' ಕನ್ನಡಕ್ಕೆ ಬಂದು 'ಪವಳ' ಆಯ್ತು, ಆಮೇಲೆ 'ಹವಳ' ಆಯ್ತು. ಪ್ರವಾಲ ಅಂದ್ರೆ ಹವಳವೂ ಹೌದು, ಎಳೆ ಚಿಗುರೂ ಹೌದು. ಅಂದ್ರೆ ಹಳಬರ ಕಣ್ಣಿಗೆ ಅದು ಗಿಡದ ಚಿಗುರಿನ ಹಾಗೆ ಕಂಡಿತ್ತು. ಯುರೋಪಿನವರೂ ಹಾಗೇ ಅಂದುಕೊಂಡಿದ್ರು. ನೀರೊಳಗೆ ಮೆತ್ತಗಿರೋ ಗಿಡ, ಗಾಳಿ ತಾಗಿದ ತಕ್ಷಣ ಕಲ್ಲಾಗುತ್ತೆ ಅಂತ ರೋಮಿನ ಕವಿ ಓವಿಡ್ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿದ್ದ.

ಅಜ್ಜಿಯ ಸರದಲ್ಲಿ, ಕುಜದೋಷಕ್ಕೆ ಹಾಕಿಸಿದ ಉಂಗುರದಲ್ಲಿ ಇರೋ ಅಸಲಿ ಕೆಂಪು ಹವಳ ಬಹಳ ಕಾಲ ಬರ್ತಾ ಇದ್ದದ್ದು ಮೆಡಿಟರೇನಿಯನ್ ಸಮುದ್ರದಿಂದ. ಇಟಲಿಯ ಲಿವೋರ್ನೊ ಬಂದರಿಂದ ಹವಳ ಹಡಗು ಹತ್ತಿ ಗೋವಾಕ್ಕೆ ಬರ್ತಿತ್ತು, ವಾಪಸ್ ಹೋಗುವಾಗ ಇಲ್ಲಿಂದ ವಜ್ರ ಹೋಗ್ತಿತ್ತು. 17 ಮತ್ತು 18ನೇ ಶತಮಾನದಲ್ಲಿ ಇದು ದೊಡ್ಡ ವ್ಯಾಪಾರ. ನಮ್ಮವರು ಅದನ್ನ ಮಣಿಯಾಗಿ ನೋಡಿದ್ರು. ಅದೇ ಕೆಂಪು ಹವಳವನ್ನ ಜೀವಂತವಾಗಿ ಪಾತ್ರೆಯಲ್ಲಿಟ್ಟು ನೋಡಿದವರ ಕಥೆ ಮುಂದಿನ ಭಾಗದಲ್ಲಿ.

ಭಾಗ 2/10
ಪಾತ್ರೆಯಲ್ಲಿ ಅರಳಿದ ಹೂವು

1706ರ ಚಳಿಗಾಲ. ದಕ್ಷಿಣ ಫ್ರಾನ್ಸಿನ ಮಾರ್ಸೇ ಹತ್ತಿರದ ಕರಾವಳಿ. ಲುಯಿಜಿ ಫರ್ದಿನಾಂದೊ ಮಾರ್ಸಿಲಿ ಅನ್ನೋ ಇಟಲಿಯ ಕೌಂಟ್ ಅಲ್ಲಿದ್ದ. ಮೊದಲು ಸೈನ್ಯದಲ್ಲಿದ್ದವನು, ಆಗ ಕಡಲಿನ ಅಧ್ಯಯನಕ್ಕೆ ಇಳಿದಿದ್ದ. ಹವಳ ಹಿಡಿಯೋ ಬೆಸ್ತರ ಜೊತೆ ದೋಣಿಯಲ್ಲಿ ಹೋಗಿ, ಆಗಷ್ಟೇ ಮೇಲೆತ್ತಿದ ಕೊಂಬೆಗಳನ್ನ ಕಡಲ ನೀರು ತುಂಬಿದ ಪಾತ್ರೆಯಲ್ಲಿ ಇಟ್ಟ.

ಆಮೇಲೆ ನೋಡಿದ್ರೆ ಕೆಂಪು ಕೊಂಬೆಯ ತುಂಬ ಬಿಳಿ ಹೂವು! ಒಂದೊಂದಕ್ಕೂ ಎಂಟೆಂಟು ಎಸಳು. ನೀರಿಂದ ಹೊರಗೆ ತೆಗೆದ್ರೆ ಮುಚ್ಚಿಕೊಳ್ತಿತ್ತು, ಮತ್ತೆ ನೀರಿಗಿಟ್ರೆ ಅರಳ್ತಿತ್ತು. ಮಾರ್ಸಿಲಿಗೆ ಖುಷಿಯೋ ಖುಷಿ. ಹೂವು ಸಿಕ್ಕಿತು ಅಂದಮೇಲೆ ಹವಳ ಗಿಡವೇ ಅಂತ ತೀರ್ಮಾನಿಸಿಬಿಟ್ಟ. ವಿದ್ವಾಂಸರೆಲ್ಲ ಒಪ್ಪಿದ್ರು.

ಮಾರ್ಸೇಯಲ್ಲೇ ಹುಟ್ಟಿದ ಜಾನ್ ಆಂದ್ರೆ ಪೇಸೊನೆಲ್ ಅನ್ನೋ ವೈದ್ಯ 1720ರ ದಶಕದಲ್ಲಿ ಅದೇ ಪ್ರಯೋಗವನ್ನ ಮತ್ತೆ ಮಾಡಿದ. ಫ್ರಾನ್ಸಿನ ತೀರದಲ್ಲೂ ಮಾಡಿದ, ಉತ್ತರ ಆಫ್ರಿಕಾದ ತೀರದಲ್ಲೂ ಮಾಡಿದ. ಅದೇ ಪಾತ್ರೆ, ಅದೇ ನೀರು, ಅದೇ ಹೂವು. ಆದ್ರೆ ಅವನು ಮುಟ್ಟಿ ನೋಡಿದ, ಕಾದು ನೋಡಿದ. ಎಸಳು ಅಂದುಕೊಂಡದ್ದು ಕೈಗಳ ಹಾಗೆ ಆಡ್ತಿತ್ತು. ಇದು ಹೂವಲ್ಲ, ಪ್ರಾಣಿ ಅಂತ ಬರೆದು ಪ್ಯಾರಿಸ್ಸಿಗೆ ಕಳಿಸಿದ.

ಅಲ್ಲಿನ ಅಕಾಡೆಮಿಯಲ್ಲಿ ಆ ಕಾಲದ ದೊಡ್ಡ ವಿಜ್ಞಾನಿ ರೆಯೋಮ್ಯೂರ್ ಅದನ್ನ ಪ್ರಸ್ತಾಪಿಸಿದ್ದೇನೋ ನಿಜ. ಆದ್ರೆ ಪೇಸೊನೆಲ್ ಹೆಸರು ಹೇಳಲಿಲ್ಲ. ಇಂಥ ಮಾತಾಡಿದ್ದಕ್ಕೆ ಪಾಪ ಆ ಮನುಷ್ಯನ ಮರ್ಯಾದೆ ಹೋಗಬಾರದು ಅನ್ನೋದು ಅವನ ಲೆಕ್ಕ! 1740ರ ದಶಕದ ಆರಂಭದಲ್ಲಿ ಅಬ್ರಹಾಂ ಟ್ರೆಂಬ್ಲೆ ಸಿಹಿನೀರಿನ ಹೈಡ್ರಾ ಒಂದು ಪ್ರಾಣಿ ಅಂತ ತೋರಿಸಿದ ಮೇಲೆ ರೆಯೋಮ್ಯೂರ್ ಮಾತು ಬದಲಿಸಿ, ಪೇಸೊನೆಲ್ ಹೇಳಿದ್ದೇ ಸರಿ ಅಂತ ಒಪ್ಪಿಕೊಂಡ.

ಇಲ್ಲಿ ಒಂದು ವಿಷಯ ಗಮನಿಸಿ. ಇಬ್ಬರೂ ಹವಳದ ನಿಜರೂಪ ನೋಡೋಕೆ ಸಾಧ್ಯವಾಗಿದ್ದು ಅದನ್ನ ಅದರದೇ ನೀರಿನಲ್ಲಿ, ಅಲುಗಾಡಿಸದೆ ಇಟ್ಟಿದ್ದರಿಂದ. ಇವತ್ತಿಗೂ ಚೀಲದಿಂದ ತೆಗೆದ ಹವಳವನ್ನ ಸುಮ್ಮನೆ ಬಿಟ್ಟು, ಪಾಲಿಪ್ ತಾನಾಗಿ ತೆರೆದುಕೊಳ್ಳಲಿ ಅಂತ ಕಾಯ್ತಾರೆ. ಒಂದೊಂದು 'ಹೂವೂ' ಒಂದೊಂದು ಪಾಲಿಪ್. ಅದು ತೆರೆದಿದ್ರೆ ಬದುಕಿದೆ, ಸುಖವಾಗಿದೆ ಅಂತ ಅರ್ಥ.

ಭಾಗ 3/10
ಕಿಟಕಿ ಮುಂದೆ ನೀರು ಸುರಿದವರು

ಪೇಸೊನೆಲ್‌ಗೆ ಕಡಲು ಪಕ್ಕದಲ್ಲೇ ಇತ್ತು. ಕಡಲಿಂದ ದೂರದ ಊರಲ್ಲಿ ಹವಳ ಸಾಕೋಕೆ ಆಗುತ್ತಾ? ಅದನ್ನ ಮೊದಲಿಗೆ ಮಾಡಿ ತೋರಿಸಿದವರಲ್ಲಿ ಒಬ್ಬರು ಲಂಡನ್ನಿನ ಗೃಹಿಣಿ, ಆನಾ ಥಿನ್. ಗಂಡ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ದೊಡ್ಡ ಪಾದ್ರಿ.

1846ರಲ್ಲಿ ಆಕೆ ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕೀ ಊರಿಗೆ ಹೋಗಿದ್ದಾಗ ಅಲ್ಲಿನ ಸಣ್ಣ ಬಟ್ಟಲು ಹವಳಗಳನ್ನ ನೋಡಿ ಮನಸೋತ್ರು. ಲಂಡನ್ನಿಗೆ ಒಯ್ಯೋದು ಹೇಗೆ? ದಾರಿಯಲ್ಲಿ ಒಂದಕ್ಕೊಂದು ಬಡಿದು ಗಾಯ ಆಗಬಾರದು ಅಂತ ಸೂಜಿ ದಾರದಿಂದ ಅವನ್ನ ದೊಡ್ಡ ಸ್ಪಂಜಿಗೆ ಹೊಲಿದು, ಕಡಲ ನೀರಿನ ಜಾಡಿಯಲ್ಲಿ ಇಟ್ಟು ತಂದ್ರು. ಈಗ ಹವಳ ಸಾಗಿಸುವವರೂ ತುಂಡನ್ನ ಅಲುಗದ ಹಾಗೆ ಕಟ್ಟಿಯೇ ಚೀಲಕ್ಕೆ ಹಾಕ್ತಾರೆ. ದಾರದ ಬದಲು ರಬ್ಬರ್ ಬ್ಯಾಂಡು, ಜಾಡಿಯ ಬದಲು ಪ್ಲಾಸ್ಟಿಕ್ಕು, ಅಷ್ಟೇ ವ್ಯತ್ಯಾಸ.

ಲಂಡನ್ನಿಗೆ ಬಂದಮೇಲೆ ನೀರಿನ ಚಿಂತೆ. ಮೊದಮೊದಲು ಕಡಲ ನೀರನ್ನ ತರಿಸಿ ತರಿಸಿ ಬದಲಾಯಿಸ್ತಿದ್ರು. ಅದು ಸಾಲದಾದಾಗ ಇದ್ದ ನೀರನ್ನೇ ತೆರೆದ ಕಿಟಕಿ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ನಮ್ಮಲ್ಲಿ ಚಾ ಆರಿಸೋ ಹಾಗೆ, ಎತ್ತಿ ಸುರಿಸ್ತಿದ್ರು. ದಿನಾ ಅರ್ಧ ಮುಕ್ಕಾಲು ಗಂಟೆ. ಸುರಿಯುತ್ತಿದ್ದದ್ದು ಮನೆಗೆಲಸದ ಹುಡುಗಿ. ಹೆಸರಾಂತ ವಿಜ್ಞಾನದ ಕಥೆಗಳಲ್ಲಿ ಅವಳ ಹೆಸರು ಇಲ್ಲ. ಆದ್ರೆ ಇವತ್ತು ಪಂಪು ಮಾಡೋ ಕೆಲಸವನ್ನ ಅವತ್ತು ಮಾಡಿದ್ದು ಅವಳ ತೋಳು.

1847ರಲ್ಲಿ ಥಿನ್ ತೊಟ್ಟಿಗೆ ಕಡಲ ಪಾಚಿಯನ್ನೂ ಸೇರಿಸಿದ್ರು. ಪಾಚಿ ಬಿಸಿಲಲ್ಲಿ ಆಮ್ಲಜನಕ ಬಿಡುತ್ತೆ, ಪ್ರಾಣಿ ಉಸಿರಾಡುತ್ತೆ. ಹವಳಗಳು ಬದುಕಿದ್ದಷ್ಟೇ ಅಲ್ಲ, ಸಂಖ್ಯೆಯಲ್ಲಿ ಹೆಚ್ಚಾದವು. ಆಕೆಯ ಟಿಪ್ಪಣಿಗಳು 1859ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದವು.

ಒಂದು ಅನುಕೂಲ ಅವರಿಗೆ ತಿಳಿಯದೆಯೇ ಸಿಕ್ಕಿತ್ತು. ಆ ಬಟ್ಟಲು ಹವಳ ತಣ್ಣೀರಿನದು, ಬೆಳಕಿಲ್ಲದೆಯೂ ಬದುಕುವಂಥದ್ದು. ಲಂಡನ್ನಿನ ಮಬ್ಬು ಬೆಳಕು ಅದಕ್ಕೆ ತೊಂದರೆ ಕೊಡಲಿಲ್ಲ. ಬಿಸಿ ಸಮುದ್ರದ ಬಣ್ಣಬಣ್ಣದ ಹವಳ ತಂದಿದ್ರೆ ಕಥೆಯೇ ಬೇರೆ ಇರ್ತಿತ್ತು.

ಭಾಗ 4/10
ಬಾಟಲಿಗೆ ಬಿದ್ದ ಕರಾವಳಿ

1845ರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ತೆರಿಗೆ ಹೋಯ್ತು. ಗಾಜು ಅಗ್ಗವಾಯ್ತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನ ವಿಜ್ಞಾನಿ ಮೀನು, ನೀರಿನ ಗಿಡ, ಬಸವನಹುಳು ಮೂರನ್ನೂ ಸರಿಯಾಗಿ ಸೇರಿಸಿದ್ರೆ ನೀರು ಬೇಗ ಕೆಡಲ್ಲ ಅಂತ ತೋರಿಸಿದ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಜನ ಟಿಕೆಟ್ ತಗೊಂಡು ನೋಡುವ ಮೀನಿನ ಮನೆ ತೆರೆಯಿತು. ಅದಕ್ಕೆ ಜೀವಿಗಳನ್ನ ಒದಗಿಸಿದವರಲ್ಲಿ ಮುಖ್ಯವಾದವನು ಫಿಲಿಪ್ ಹೆನ್ರಿ ಗಾಸ್. 1854ರಲ್ಲಿ ಅವನ 'ದಿ ಅಕ್ವೇರಿಯಂ' ಪುಸ್ತಕ ಬಂತು. ನಾವು ಇವತ್ತು ಬಳಸೋ ಅಕ್ವೇರಿಯಂ ಅನ್ನೋ ಪದ ಮನೆಮಾತಾಗಿದ್ದು ಅವನಿಂದ.

ಗಾಸ್ ಇನ್ನೊಂದು ಕೆಲಸ ಮಾಡಿದ. ಕಡಲ ನೀರಿನಲ್ಲಿರೋ ಮುಖ್ಯ ಲವಣಗಳನ್ನ ಲೆಕ್ಕ ಹಾಕಿ ಸಿಹಿನೀರಿಗೆ ಬೆರೆಸಿ ಕೃತಕ ಕಡಲ ನೀರು ಮಾಡಿದ. ಇವತ್ತು ಡಬ್ಬದಲ್ಲಿ ಬರೋ ಸಮುದ್ರದ ಉಪ್ಪಿನ ಪುಡಿ ಅದೇ ಯೋಚನೆಯ ಮೊಮ್ಮಗ. ಅಂಗಡಿಯಲ್ಲಿ ಸಿಗೋ ಸಿದ್ಧ ಪುಡಿ ಬರೋಕೆ ಮಾತ್ರ 1960ರ ದಶಕದ ತನಕ ಕಾಯಬೇಕಾಯ್ತು.

ಆಮೇಲೆ ಶುರುವಾಯ್ತು ಹುಚ್ಚು. ರೈಲು ಹತ್ತಿ ಸಮುದ್ರಕ್ಕೆ ಹೋಗೋದು, ಸುತ್ತಿಗೆ ಉಳಿ ಹಿಡಿದು ಬಂಡೆ ಸಂದಿಯ ಜೀವಿಗಳನ್ನ ಕಿತ್ತು ಜಾಡಿಗೆ ತುಂಬೋದು. ಗಾಸ್ ಪುಸ್ತಕಗಳೇ ಅವರಿಗೆ ಗೈಡು. ತಂದ ಬಹುಪಾಲು ಜೀವಿಗಳು ತೊಟ್ಟಿಯಲ್ಲಿ ಸತ್ತವು. ಸತ್ತಿದ್ದಕ್ಕೆ ಮತ್ತೆ ಹೋಗಿ ತಂದ್ರು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಬರೆದ ಆತ್ಮಕಥೆಯಲ್ಲಿ, ತಾನು ಚಿಕ್ಕವನಿದ್ದಾಗ ತುಂಬಿ ತುಳುಕ್ತಿದ್ದ ಆ ಬಂಡೆಗಳ ನೀರಿನ ಗುಂಡಿಗಳು ಬರಿದಾಗಿ ಹೋದ ದುಃಖವನ್ನ ದಾಖಲಿಸಿದ್ದಾನೆ. ಅಪ್ಪನಿಗೂ ಆ ನೋವು ಇತ್ತು ಅಂತಾನೆ.

ಹವಳ ಸಾಕೋದರ ಇತಿಹಾಸದಲ್ಲಿ ಈ ಮಾದರಿ ಮುಂದೆಯೂ ಕಾಣುತ್ತೆ. ಬದುಕಿಸೋದು ಗೊತ್ತಾಗುವ ಮೊದಲೇ ಕೀಳೋದು ಗೊತ್ತಾಗಿರುತ್ತೆ. ನಡುವಿನ ಆ ಗ್ಯಾಪಿನಲ್ಲಿ ಸಾಯೋದು ಕಡಲಿನ ಜೀವಿಗಳು.

ಭಾಗ 5/10
ಕತ್ತಲೆ ಪೆಟ್ಟಿಗೆಯ ಪ್ರಯೋಗ

ಬಿಸಿ ಸಮುದ್ರದ ಹವಳ ತಂದ್ರೆ ನೀರು ಸ್ವಚ್ಛ ಇದ್ದರೂ, ಆಹಾರ ಹಾಕಿದರೂ ಸಾಯ್ತಿತ್ತು. ಯಾಕೆ? ಉತ್ತರದ ಒಂದು ತುದಿ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ.

1928ರಲ್ಲಿ ಬ್ರಿಟನ್ನಿನ ಮಾರಿಸ್ ಯಂಗ್ ನಾಯಕತ್ವದಲ್ಲಿ ವಿಜ್ಞಾನಿಗಳ ತಂಡ ಗ್ರೇಟ್ ಬ್ಯಾರಿಯರ್ ರೀಫಿನ ಲೋ ಐಲ್ಸ್ ಅನ್ನೋ ಪುಟ್ಟ ದ್ವೀಪಕ್ಕೆ ಹೋಗಿ ಸುಮಾರು ಒಂದು ವರ್ಷ ಉಳಿಯಿತು. ಹವಳದ ಮೈಯೊಳಗೆ ಕಂದು ಬಣ್ಣದ ಸೂಕ್ಷ್ಮ ಪಾಚಿ ಇರುತ್ತೆ ಅನ್ನೋದು ಮೊದಲೇ ಗೊತ್ತಿತ್ತು. ಅದು ಅಲ್ಲಿ ಏನು ಮಾಡುತ್ತೆ ಅನ್ನೋದು ಗೊತ್ತಿರಲಿಲ್ಲ. ಯಂಗ್ ತಂಡ ಹವಳಗಳನ್ನ ಬೆಳಕು ಹೋಗದ ಪೆಟ್ಟಿಗೆಯಲ್ಲಿ ಇಟ್ಟು ನೋಡಿತು. ಕತ್ತಲಲ್ಲಿ ಹವಳ ತನ್ನ ಪಾಚಿಯನ್ನ ಹೊರಹಾಕಿ ಬಿಳಿಚಿಕೊಳ್ತಿತ್ತು. ನೀರು ಬಿಸಿಯಾದರೂ ಹಾಗೇ ಮಾಡ್ತಿತ್ತು.

ಈ ಕೊನೆಯ ವಾಕ್ಯವನ್ನ ಇನ್ನೊಮ್ಮೆ ಓದಿ. ಇವತ್ತು ಸುದ್ದಿಯಲ್ಲಿ 'ಹವಳ ಬಿಳಿಚುವಿಕೆ' ಅಂತ ಕೇಳ್ತೀರಲ್ಲ, ಅದನ್ನ ಸುಮಾರು ನೂರು ವರ್ಷದ ಹಿಂದೆಯೇ ನೋಡಿ ಬರೆದಿಟ್ಟಿದ್ರು.

ಆದ್ರೆ ಯಂಗ್ ಒಂದು ಕಡೆ ಎಡವಿದ್ರು. ಪಾಚಿ ಹವಳಕ್ಕೆ ಊಟ ಕೊಡಲ್ಲ, ಬರೀ ಕಸ ಎತ್ತುತ್ತೆ ಅಂದುಕೊಂಡ್ರು. 1958ರಲ್ಲಿ ಅಮೆರಿಕದ ಮಸ್ಕಟೀನ್ ಮತ್ತು ಹ್ಯಾಂಡ್ ಅನ್ನೋ ಇಬ್ಬರು ವಿಕಿರಣಶೀಲ ಇಂಗಾಲವನ್ನ ಗುರುತಾಗಿ ಬಳಸಿ, ಹವಳದ ಹತ್ತಿರದ ನೆಂಟ ಕಡಲ ಅನಿಮೋನಿನಲ್ಲಿ, ಪಾಚಿ ತಯಾರಿಸಿದ್ದು ಪ್ರಾಣಿಯ ಮೈ ಸೇರುತ್ತೆ ಅಂತ ತೋರಿಸಿದ್ರು. ಹವಳದ ಲೆಕ್ಕವೂ ಅದೇ ಅಂತ ಮುಂದೆ ಖಚಿತವಾಯ್ತು.

ಅಂದ್ರೆ ಹವಳ ತನ್ನ ಅಡುಗೆಯವನನ್ನ ಮೈಯೊಳಗೇ ಇಟ್ಟುಕೊಂಡಿದೆ. ಅವನಿಗೆ ಒಲೆ ಬಿಸಿಲು. ಮನೆಯ ತೊಟ್ಟಿಯಲ್ಲಿ ಹವಳ ಸಾಯ್ತಿದ್ದ ದೊಡ್ಡ ಕಾರಣ ಅದು: ಒಲೆ ಹಚ್ಚಿರಲೇ ಇಲ್ಲ. ಇನ್ನೊಂದು ತೊಂದರೆಯೂ ಇದೆ. ಒಲೆ ಒಮ್ಮೆಲೇ ಜೋರಾದರೂ ಅಡುಗೆ ಸೀದುಹೋಗುತ್ತೆ. ಅದರ ಬಗ್ಗೆ ಭಾಗ 8ರಲ್ಲಿ.

ಭಾಗ 6/10
ಕಡಲ ಪಕ್ಕದಲ್ಲಿದ್ದವರ ಉಪಾಯ

1950ರ ದಶಕಕ್ಕೆ ಬಂದ್ರೆ ಎರಡು ಊರುಗಳು ಮುಖ್ಯ. ಎರಡೂ ಯುರೋಪಿನಲ್ಲಿಲ್ಲ.

ಒಂದು, ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ನೂಮಿಯಾ. ರೆನೆ ಕಟಾಲಾ ಅನ್ನೋ ವಿಜ್ಞಾನಿ 1956ರಲ್ಲಿ ಅಲ್ಲಿ ಅಕ್ವೇರಿಯಂ ತೆರೆದ್ರು. ಉಪಾಯ ಸರಳ: ಕಡಲಿಂದ ನೇರವಾಗಿ ನೀರು ಪಂಪು ಮಾಡೋದು, ತೊಟ್ಟಿಯ ಮೂಲಕ ಹರಿಸೋದು, ವಾಪಸ್ ಕಡಲಿಗೆ ಬಿಡೋದು. ಬೆಳಕಿಗೆ ಸೂರ್ಯನೇ. ಜೀವಂತ ಹವಳ ಅಲ್ಲಿ ಆರಾಮಾಗಿ ಬದುಕಿತು. ಕೆಲವು ಹವಳಗಳು ಅತಿನೇರಳೆ ಬೆಳಕಿನಲ್ಲಿ ಹಸಿರು, ಕಿತ್ತಳೆಯಾಗಿ ಹೊಳೆಯೋದನ್ನ ಕಟಾಲಾ ಅಲ್ಲೇ ನೋಡಿ ಜಗತ್ತಿಗೆ ತೋರಿಸಿದ್ರು. ರೀಲ್ಸಿನ ಆ ನಿಯಾನ್ ಬಣ್ಣದ ಹಿಂದೆ ಇರೋದು ಇದೇ ಗುಣ.

ಇನ್ನೊಂದು, ಇಂಡೋನೇಷ್ಯಾದ ಜಕಾರ್ತಾ. ಲೀ ಚಿನ್ ಎಂಗ್ ಅನ್ನೋ ಹವ್ಯಾಸಿ ಅಲ್ಲಿ ಬೇರೆ ದಾರಿ ಹಿಡಿದ್ರು. ಆ ಕಾಲದಲ್ಲಿ ಎಲ್ಲರೂ ತೊಟ್ಟಿಯನ್ನ ಆಸ್ಪತ್ರೆಯ ಹಾಗೆ ತೊಳೆದು, ಬಿಳುಪಿಸಿದ ಸತ್ತ ಹವಳ ಜೋಡಿಸಿ ಅಲಂಕಾರ ಮಾಡ್ತಿದ್ರು. ಲೀ ಅವರು ಕಡಲ ತಳದ ಕಲ್ಲನ್ನ ಅದರ ಮೇಲಿನ ಪಾಚಿ, ಹುಳು, ಸ್ಪಂಜುಗಳ ಸಮೇತ ಹಾಗೇ ತಂದಿಟ್ರು. ಗಾಳಿಗುಳ್ಳೆ ಬಿಡೋ ಒಂದು ಕೊಳವೆ, ಬಿಸಿಲು, ಕಡಲ ನೀರು, ಅಷ್ಟೇ. 1961ರಲ್ಲಿ ಅವರ ಲೇಖನ ಅಮೆರಿಕದ ಹವ್ಯಾಸಿ ಪತ್ರಿಕೆಯಲ್ಲಿ ಬಂತು.

ಆ ಕಲ್ಲಿನಲ್ಲಿ ಏನಿತ್ತು? ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಜೀವಿಗಳು ಬಿಡೋ ಅಮೋನಿಯಾ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತೆ, ಕಲ್ಲಿನ ಒಳಗೆ ಗಾಳಿಯಾಡದ ಜಾಗದಲ್ಲಿರೋದು ಅದನ್ನ ಸಾರಜನಕದ ಅನಿಲವಾಗಿಸಿ ಹೊರಗೆ ಕಳಿಸುತ್ತೆ. ನಮ್ಮ ತೋಟದ ಮಣ್ಣಿನಲ್ಲೂ ನಡೆಯೋದು ಇದೇ ಕೆಲಸ. ಇವತ್ತು ಇದಕ್ಕೆ ಹವ್ಯಾಸಿಗಳು 'ಲೈವ್ ರಾಕ್' ಅಂತಾರೆ.

ಎರಡೂ ಉಪಾಯಗಳಿಗೆ ಒಂದೇ ಮಿತಿ. ಪಕ್ಕದಲ್ಲಿ ಬೆಚ್ಚನೆ ಕಡಲು ಇರಬೇಕು, ಮೇಲೆ ಉಷ್ಣವಲಯದ ಸೂರ್ಯ ಇರಬೇಕು. ಚಳಿ ಊರಿನ ಅಪಾರ್ಟ್‌ಮೆಂಟಿನಲ್ಲಿ ಎರಡೂ ಇರಲಿಲ್ಲ.

ಭಾಗ 7/10
ಸುಣ್ಣದ ತಿಳಿನೀರು

ಆ ಚಳಿ ಊರಿನ ಉತ್ತರ ಜರ್ಮನಿಯಿಂದ ಬಂತು. 1970ರ ದಶಕದಲ್ಲಿ ಅಲ್ಲಿನ ಹವ್ಯಾಸಿಗಳು ಮೂರು ವಸ್ತುಗಳನ್ನ ಒಟ್ಟಿಗೆ ತಂದ್ರು.

ಮೊದಲನೆಯದು ಲೈವ್ ರಾಕ್. ಅದರ ಕಥೆ ಹೇಳಿಯಾಯ್ತು.

ಎರಡನೆಯದು ನೊರೆ ಯಂತ್ರ, 'ಪ್ರೋಟೀನ್ ಸ್ಕಿಮ್ಮರ್' ಅಂತಾರೆ. ಕೊಳವೆಯೊಳಗೆ ಸಣ್ಣ ಗಾಳಿಗುಳ್ಳೆ ಎಬ್ಬಿಸಿದ್ರೆ ನೀರಿನ ಜಿಡ್ಡು, ಲೋಳೆ ಎಲ್ಲ ಗುಳ್ಳೆಗೆ ಅಂಟಿ ಮೇಲೆ ನೊರೆಯಾಗಿ ಬರುತ್ತೆ. ಬೆಲ್ಲ ಕಾಯಿಸುವಾಗ ಮೇಲೆ ಬರೋ ಮಡ್ಡಿ ನೊರೆಯನ್ನ ತೆಗೆದು ಬಿಸಾಡ್ತಾರಲ್ಲ, ಹಾಗೆ ಅದನ್ನ ಬಿಸಾಡೋದು. ಕೊಳೆಯುವ ಮೊದಲೇ ಕಸ ಹೊರಗೆ.

ಮೂರನೆಯದು ನಮಗೆ ಬಹಳ ಪರಿಚಿತ: ಸುಣ್ಣ. ಹವಳ ತನ್ನ ಎಲುಬುಗೂಡನ್ನ ಕಟ್ಟೋದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ನಮ್ಮ ಕರಾವಳಿಯಲ್ಲಿ ಸುಟ್ಟು ಸುಣ್ಣ ಮಾಡ್ತಿದ್ದ ಚಿಪ್ಪಿನಲ್ಲಿ ಇರೋದೂ ಅದೇ. ಮುಚ್ಚಿದ ತೊಟ್ಟಿಯಲ್ಲಿ ಹವಳ ಬೆಳೆದ ಹಾಗೆ ನೀರಿನ ಕ್ಯಾಲ್ಸಿಯಂ ಖಾಲಿಯಾಗುತ್ತೆ. ಪೀಟರ್ ವಿಲ್ಕೆನ್ಸ್ ಅನ್ನೋ ತಜ್ಞರು ಆವಿಯಾದ ನೀರಿನ ಜಾಗಕ್ಕೆ ಸುಣ್ಣದ ತಿಳಿನೀರು ಹಾಕಿ ಅಂತ ತೋರಿಸಿಕೊಟ್ರು. 1973ರ ಅವರ ಪುಸ್ತಕ ಹವ್ಯಾಸಿಗಳಿಗೆ ಪಠ್ಯವಾಯ್ತು. ಜರ್ಮನ್ ಭಾಷೆಯಲ್ಲಿ ಅದಕ್ಕೆ 'ಕಾಲ್ಕ್‌ವಾಸರ್', ಪದಶಃ ಸುಣ್ಣದ ನೀರು. ಎಲೆ ಅಡಿಕೆ ಡಬ್ಬಿ ಇಟ್ಟಿರೋ ಮನೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ!

ಇವುಗಳ ಮೇಲೆ ಪ್ರಖರವಾದ ಮೆಟಲ್ ಹೇಲೈಡ್ ದೀಪ ಸೇರಿತು. ಅಡುಗೆಯವನ ಒಲೆ ಹೊತ್ತಿತು. ಈ ಪದ್ಧತಿಗೆ ಬರ್ಲಿನ್ ವಿಧಾನ ಅಂತ ಹೆಸರು.

1980ರ ದಶಕದಲ್ಲಿ ಬರ್ಲಿನ್ನಿನ ಡೀಟ್ರಿಚ್ ಸ್ಟ್ಯೂಬರ್ ತೊಟ್ಟಿಯಲ್ಲಿ ಅಕ್ರೋಪೋರಾ ಅನ್ನೋ ಕೊಂಬಿನ ಹವಳ ಬೆಳೆದು ದೊಡ್ಡದಾಯ್ತು. ಸಾಕೋಕೆ ಬಹಳ ಕಷ್ಟ ಅಂತ ಹೆಸರಾದ ಹವಳ ಅದು. ಅವರು ಕೊಂಬೆ ಮುರಿದು ಗೆಳೆಯರಿಗೆ ಕೊಟ್ರು, ಗೆಳೆಯರು ಅವರ ಗೆಳೆಯರಿಗೆ ಕೊಟ್ರು. ಪಕ್ಕದ ಮನೆಯವರಿಂದ ದಾಸವಾಳದ ಕಡ್ಡಿ ತಂದು ನೆಟ್ಟ ಹಾಗೆ ಒಂದೇ ಹವಳ ಯುರೋಪಿನ ಮನೆಮನೆಗೆ ಹೋಯ್ತು. ಕಡಲಿಗೆ ಕೈ ಹಾಕದೆ ಹವಳ ಪಡೆಯುವ ದಾರಿ ಕಂಡಿದ್ದು ಹೀಗೆ.

ಭಾಗ 8/10
ಚೀಲದಿಂದ ತೊಟ್ಟಿಗೆ

ಈಗ ರೀಲ್ಸಿನ ಆ ಮೂವತ್ತು ಸೆಕೆಂಡಿಗೆ ವಾಪಸ್ ಬರೋಣ. ಕಡಲಿಂದ ಕಿತ್ತ ಹವಳ ಚೀಲದಲ್ಲಿ ಬಂದಿದೆ. ಸಾಕಲು ಅನುಮತಿ ಇರೋ ದೇಶಗಳಲ್ಲಿ ಅನುಭವಿಗಳು ಏನು ಮಾಡ್ತಾರೆ, ಯಾಕೆ ಮಾಡ್ತಾರೆ?

ಶಾಖ: ಚೀಲವನ್ನ ಮುಚ್ಚಿದಂತೆಯೇ 15-20 ನಿಮಿಷ ತೊಟ್ಟಿಯಲ್ಲಿ ತೇಲಿಬಿಡ್ತಾರೆ. ಎರಡೂ ನೀರಿನ ಶಾಖ ಒಂದಾಗಬೇಕು. ಬಹುತೇಕ ತೊಟ್ಟಿಗಳಲ್ಲಿ ಅದು 25 ಡಿಗ್ರಿ ಸೆಲ್ಸಿಯಸ್ ಆಸುಪಾಸು.

ಉಪ್ಪು: ಆಮೇಲೆ ತೊಟ್ಟಿಯ ನೀರನ್ನ ಹನಿಹನಿಯಾಗಿ ಸೇರಿಸ್ತಾರೆ. ಕಡಲ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ. ಹವಳಕ್ಕೆ ಮೈಯೊಳಗಿನ ಉಪ್ಪನ್ನ ಬೇಗ ಸರಿಪಡಿಸಿಕೊಳ್ಳೋಕೆ ಮೂತ್ರಪಿಂಡ ಇಲ್ಲ. ಹೊರಗೆ ಉಪ್ಪು ಒಮ್ಮೆಲೇ ಕಮ್ಮಿಯಾದ್ರೆ ಕೋಶಗಳು ನೀರು ಕುಡಿದು ಉಬ್ಬುತ್ತವೆ.

ಹಾಗಂತ ಗಂಟೆಗಟ್ಟಲೆ ಹನಿಸಲ್ಲ. ದೂರ ಪ್ರಯಾಣದಲ್ಲಿ ಹವಳ ಬಿಟ್ಟ ಲೋಳೆ ಕೊಳೆತು ಚೀಲದಲ್ಲಿ ಅಮೋನಿಯಾ ಆಗಿರುತ್ತೆ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ನೀರು ಸ್ವಲ್ಪ ಆಮ್ಲದ ಕಡೆ ವಾಲಿರುತ್ತೆ, ಆಗ ಅಮೋನಿಯಾದ ವಿಷ ಕಮ್ಮಿ. ಚೀಲ ಬಿಚ್ಚಿ ಗಾಳಿ ತಾಗಿದ್ರೆ ಅದು ಮತ್ತೆ ವಿಷವಾಗುತ್ತೆ. ಚೀಲದ ನೀರನ್ನ ತೊಟ್ಟಿಗೆ ಸುರಿಯದೆ ಚೆಲ್ಲೋದಕ್ಕೂ ಇದೊಂದು ಕಾರಣ.

ಅತಿಥಿಗಳು: ಕಾಡು ಹವಳದ ಜೊತೆ ಅದನ್ನೇ ತಿನ್ನೋ ಚಪ್ಪಟೆ ಹುಳು, ಸಣ್ಣ ಸಿಗಡಿ ಜಾತಿಯವು ಬರ್ತವೆ. ಅಯೋಡಿನ್ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಭೂತಗನ್ನಡಿ ಹಿಡಿದು ನೋಡ್ತಾರೆ. ಮೊಟ್ಟೆಗಳು ಔಷಧಕ್ಕೆ ಜಗ್ಗಲ್ಲ, ಕೆರೆದೇ ತೆಗೀಬೇಕು. ಆಮೇಲೂ ಕೆಲವು ವಾರ ಬೇರೆ ತೊಟ್ಟಿಯಲ್ಲಿ ಇಡ್ತಾರೆ.

ಬೆಳಕು: ಎಲ್ಲಕ್ಕಿಂತ ನಿಧಾನದ್ದು ಇದು. ಹತ್ತು ಹದಿನೈದು ಮೀಟರ್ ಆಳದಲ್ಲಿ ಮಬ್ಬು ನೀಲಿ ಬೆಳಕಿಗೆ ಹೊಂದಿಕೊಂಡ ಹವಳವನ್ನ ಪ್ರಖರ ದೀಪದ ಕೆಳಗೆ ಇಟ್ಟರೆ, ಒಳಗಿನ ಪಾಚಿ ಬಳಸಲಾಗದಷ್ಟು ಬೆಳಕು ಹೀರಿ ಹಾನಿಕಾರಕ ಆಮ್ಲಜನಕದ ಕಣಗಳನ್ನ ಬಿಡುತ್ತೆ. ಹವಳ ಆ ಪಾಚಿಯನ್ನೇ ಹೊರದಬ್ಬುತ್ತೆ. ಅದಕ್ಕೇ ತೊಟ್ಟಿಯ ತಳದಲ್ಲಿ ನೆರಳಲ್ಲಿ ಇಟ್ಟು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತರ್ತಾರೆ. ನರ್ಸರಿಯ ಅಡಿಕೆ ಸಸಿಗೆ ಮೊದಲು ಸೋಗೆಯ ನೆರಳು ಮಾಡಿಕೊಡ್ತಾರಲ್ಲ, ಅದೇ ಬುದ್ಧಿ.

ಪಟ್ಟಿಯನ್ನ ಒಮ್ಮೆ ತಿರುಗಿ ನೋಡಿ. ಹವಳವನ್ನ ತೊಟ್ಟಿಗೆ ಒಗ್ಗಿಸ್ತೀವಿ ಅಂತೀವಿ. ಆದ್ರೆ ಪಾತ್ರೆಯ ಕಡಲ ನೀರಿನಿಂದ ಸುಣ್ಣದ ತಿಳಿನೀರಿನ ತನಕ ಪ್ರತಿ ಹೆಜ್ಜೆಯಲ್ಲೂ ಬದಲಾಗಿದ್ದು ತೊಟ್ಟಿ. ಹವಳ ಒಗ್ಗಿಕೊಳ್ಳೋದು ಸ್ವಲ್ಪವೇ, ಅದೂ ತುಂಬ ನಿಧಾನವಾಗಿ.

ಭಾಗ 9/10
ಡಿಎಂನಲ್ಲಿ ಬರೋ 'ಲೈವ್ ಪೀಸ್'

ಬರ್ಲಿನ್ ವಿಧಾನ ಹರಡಿದ ಮೇಲೆ ಬೇಡಿಕೆ ಏರಿತು. ಕೀಳೋರಿಗೆ ಹಬ್ಬ. ಫಿಲಿಪೀನ್ಸ್ 1977ರಲ್ಲೇ ಹವಳ ಕೀಳೋದನ್ನ ನಿಷೇಧಿಸಿತ್ತು. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ 'ಸೈಟಿಸ್' ಒಪ್ಪಂದ 1985ರಲ್ಲಿ ಕೆಲವು ಗಟ್ಟಿ ಹವಳಗಳನ್ನೂ, 1990ರಲ್ಲಿ ಎಲ್ಲ ಗಟ್ಟಿ ಹವಳಗಳನ್ನೂ ತನ್ನ ಎರಡನೇ ಪಟ್ಟಿಗೆ ಸೇರಿಸಿತು. ಅಂದ್ರೆ ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ದೊಡ್ಡ ರಫ್ತುದಾರ ದೇಶವಾದ ಇಂಡೋನೇಷ್ಯಾ 2018ರಲ್ಲಿ ರಫ್ತನ್ನೇ ಸ್ವಲ್ಪ ಕಾಲ ನಿಲ್ಲಿಸಿತ್ತು. ಈಗ ಹಲವೆಡೆ ಸ್ಟ್ಯೂಬರ್ ಮಾದರಿಯಲ್ಲಿ ತುಂಡಿನಿಂದ ಬೆಳೆಸಿದ ಹವಳಕ್ಕೇ ಒತ್ತು.

ನಮ್ಮಲ್ಲಿ? ಇದನ್ನ ಗಮನವಿಟ್ಟು ಓದಿ, ಯಾಕಂದ್ರೆ ಇದು ನೇರವಾಗಿ ನಿಮಗೆ ಸಂಬಂಧಿಸಿದ್ದು. 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಕಡಲ ಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿದವು. ಹುಲಿ, ಆನೆ ಇರೋ ಅದೇ ಅನುಸೂಚಿ. ಕೀಳೋದು, ಮಾರೋದು, ಕೊಳ್ಳೋದು ಅಪರಾಧ. ಕನಿಷ್ಠ ಮೂರು ವರ್ಷದಿಂದ ಏಳು ವರ್ಷದ ತನಕ ಜೈಲು, ಮೇಲೆ ದಂಡ. ಅಂಡಮಾನ್ ಟ್ರಿಪ್ಪಿನಲ್ಲಿ ದಂಡೆಯಿಂದ ಎತ್ತಿಕೊಂಡ ಸತ್ತ ಹವಳದ ತುಂಡನ್ನ ಬ್ಯಾಗಲ್ಲಿ ತಂದರೂ ಸಿಕ್ಕಿಬೀಳ್ತೀರ.

ಆದರೂ "ಬ್ರೋ, ಲೈವ್ ಪೀಸ್ ಇದೆ, ಕೊರಿಯರ್ ಮಾಡ್ತೀನಿ" ಅನ್ನೋ ಮೆಸೇಜುಗಳು ಓಡಾಡ್ತವೆ. ಕಾನೂನನ್ನ ಒಂದು ಕ್ಷಣ ಪಕ್ಕಕ್ಕಿಡಿ. ಭಾಗ 8ರ ಪಟ್ಟಿಯನ್ನ ಆ ಚೀಲಕ್ಕೆ ಹಿಡಿದು ನೋಡಿ. ಎಷ್ಟು ಆಳದಿಂದ ಬಂತು? ಎಷ್ಟು ದಿನ ಚೀಲದಲ್ಲಿತ್ತು? ಕದ್ದು ಮಾರುವವರು ಇದಕ್ಕೆ ಉತ್ತರ ಕೊಡಲ್ಲ. ಉತ್ತರ ಇಲ್ಲದ ಹವಳ ಕೆಲವೇ ವಾರದಲ್ಲಿ ಬಿಳಿ ಕಲ್ಲಾಗಿ, ಕೋಣೆಯೆಲ್ಲ ಕೊಳೆತ ಮೀನಿನ ವಾಸನೆ ಬಿಟ್ಟು ಹೋಗೋದೇ ಹೆಚ್ಚು.

ಕರ್ನಾಟಕದಲ್ಲೂ ಹವಳ ಇದೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ಮಾಡಿದವರು ನೋಡಿರ್ತಾರೆ. ಅದನ್ನ ನೋಡೋಕೆ ಹೋಗಿ. ಅಲ್ಲಿ ಒಂದೇ ನಿಯಮ: ಕೈ ತಾಗಿಸಬೇಡಿ, ಕಾಲಿನ ಫಿನ್ ಒದೆಯದ ಹಾಗೆ ನೋಡಿಕೊಳ್ಳಿ. ಮುರಿದ ಒಂದು ತುಂಡು ಬೆಳೆಯೋಕೆ ನಿಮ್ಮ ಇಡೀ ಪದವಿ ಮುಗಿಯುವಷ್ಟು ಕಾಲ ಬೇಕಾಗಬಹುದು.

ಭಾಗ 10/10
ತೊಟ್ಟಿ ಆಸ್ಪತ್ರೆಯಾದ ಕಥೆ

ಹಾಗಾದ್ರೆ 300 ವರ್ಷದ ಈ ವಿದ್ಯೆ ಬರೀ ಶೋಕಿಗಾ? ಇಲ್ಲಿ ಕಥೆ ತಿರುಗುತ್ತೆ.

2014ರಲ್ಲಿ ಅಮೆರಿಕದ ಮಯಾಮಿ ಹತ್ತಿರ ಹವಳದ ಮಾಂಸವನ್ನೇ ಕರಗಿಸೋ ರೋಗ ಕಾಣಿಸಿಕೊಂಡು ಫ್ಲಾರಿಡಾ ತೀರದುದ್ದಕ್ಕೂ ಹರಡಿತು. 2018ರಿಂದ ವಿಜ್ಞಾನಿಗಳು ರೋಗ ಇನ್ನೂ ತಾಗದ ಹವಳಗಳನ್ನ ಕಡಲಿಂದ ಎತ್ತಿ, ದೇಶದ ಬೇರೆ ಬೇರೆ ಅಕ್ವೇರಿಯಂ, ಪ್ರಾಣಿಸಂಗ್ರಹಾಲಯಗಳ ತೊಟ್ಟಿಗೆ ಸೇರಿಸಿದ್ರು. ಕಾಡು ಹವಳವನ್ನ ತೊಟ್ಟಿಗೆ ಒಗ್ಗಿಸೋದು ಅಲ್ಲಿ ಹವ್ಯಾಸವಾಗಿ ಉಳಿಯಲಿಲ್ಲ, ಒಂದು ಜಾತಿಯನ್ನ ಉಳಿಸೋ ಕೆಲಸ ಆಯ್ತು.

ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮಿ ಕ್ರ್ಯಾಗ್ಸ್ ಮತ್ತು ತಂಡ ತೊಟ್ಟಿಗೆ ಋತುಗಳ ಶಾಖ, ಹಗಲಿನ ಉದ್ದ, ಚಂದ್ರನ ಬೆಳಕು ಎಲ್ಲವನ್ನೂ ಕಂಪ್ಯೂಟರಿನಿಂದ ಕೊಟ್ಟು, 2013ರಲ್ಲಿ ಹವಳ ಅಲ್ಲೇ ಅಂಡಾಣು ವೀರ್ಯಾಣು ಬಿಡುವಂತೆ ಮಾಡಿತು. ಹುಣ್ಣಿಮೆಯ ಲೆಕ್ಕವನ್ನೂ ತೊಟ್ಟಿಗೆ ತರಬೇಕಾಯ್ತು ನೋಡಿ! 2019ರಲ್ಲಿ ಫ್ಲಾರಿಡಾ ಅಕ್ವೇರಿಯಂ ಅದೇ ದಾರಿಯಲ್ಲಿ ಅಳಿವಿನಂಚಿನ ಕಂಬ ಹವಳದ ಮರಿಗಳನ್ನ ಪಡೆಯಿತು.

ಆಮೇಲೆ 2023ರ ಜುಲೈ. ಫ್ಲಾರಿಡಾದ ಮ್ಯಾನಟೀ ಬೇ ಅನ್ನೋ ಆಳವಿಲ್ಲದ ಕೊಲ್ಲಿಯಲ್ಲಿ ನೀರಿನ ಶಾಖ 38 ಡಿಗ್ರಿ ಸೆಲ್ಸಿಯಸ್ ದಾಟಿತು. ಅದು ಸ್ನಾನದ ಬಿಸಿನೀರು. ಹೊರಗಿನ ಹವಳದ ದಿಬ್ಬಗಳಲ್ಲಿ ಅಷ್ಟು ಇರಲಿಲ್ಲವಾದರೂ ಹವಳಕ್ಕೆ ಅಷ್ಟು ಬೇಕಾಗಿಯೂ ಇಲ್ಲ. ವಾಡಿಕೆಯ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಬಿಳಿಚೋಕೆ ಶುರು. ಕಡಲಲ್ಲೇ ಬೆಳೆಸ್ತಿದ್ದ ಸಾವಿರಾರು ಹವಳ ತುಂಡುಗಳನ್ನ ದೋಣಿಯಲ್ಲಿ ತುಂಬಿ ದಡದ ತೊಟ್ಟಿಗಳಿಗೆ ತಂದ್ರು. ಶಾಖ, ಉಪ್ಪು, ಬೆಳಕು ಎಲ್ಲವನ್ನೂ ಹೊಂದಿಸಿ ಇಟ್ರು. ಕಡಲು ತಣಿದ ಮೇಲೆ ವಾಪಸ್ ಒಯ್ಯೋ ಯೋಜನೆ.

ಮರುವರ್ಷ, 2024ರ ಏಪ್ರಿಲ್‌ನಲ್ಲಿ, ಜಗತ್ತಿನ ನಾಲ್ಕನೇ ಸಾಗರವ್ಯಾಪಿ ಹವಳ ಬಿಳಿಚುವಿಕೆ ನಡೀತಿದೆ ಅಂತ ವಿಜ್ಞಾನಿಗಳು ಘೋಷಿಸಿದ್ರು. ಅದೇ ಬೇಸಿಗೆಯಲ್ಲಿ ನಮ್ಮ ಲಕ್ಷದ್ವೀಪದ ಹವಳವೂ ಬಿಳಿಚಿತು. 1998, 2010, 2016ರಲ್ಲೂ ಅಲ್ಲಿ ಹೀಗೆ ಆಗಿತ್ತು. ಮೂರು ದಿನದ ಜ್ವರ ಅಲ್ಲ ಇದು. ಚೇತರಿಸಿಕೊಳ್ಳೋಕೆ ಹತ್ತಾರು ವರ್ಷ ಬೇಕು, ಮುಂದಿನ ಹೊಡೆತ ಅದಕ್ಕೆ ಮೊದಲೇ ಬರ್ತಿದೆ.

ತೊಟ್ಟಿ ಎಷ್ಟೇ ದೊಡ್ಡದಿರಲಿ, ಲಕ್ಷದ್ವೀಪವನ್ನ ಅದರೊಳಗೆ ಇಡೋಕಾಗಲ್ಲ. ತೊಟ್ಟಿಯ ನೀರಿನಲ್ಲಿ ಒಂದು ಡಿಗ್ರಿ ಏರಿದ್ರೆ ಹವ್ಯಾಸಿ ರಾತ್ರಿ ಎದ್ದು ಫ್ಯಾನ್ ಹಾಕ್ತಾನೆ. ಒಂದು ಡಿಗ್ರಿ ಅಂದ್ರೆ ಎಷ್ಟು ದೊಡ್ಡದು ಅಂತ ಅವನಿಗೆ ಗೊತ್ತು. ಈ ಹತ್ತು ಭಾಗ ಓದಿದ ನಿಮಗೂ ಈಗ ಗೊತ್ತು. ಮುಂದಿನ ಸಲ ಯಾರಾದ್ರೂ "ಒಂದು ಡಿಗ್ರಿಗೆಲ್ಲ ಏನಾಗುತ್ತೆ ಬಿಡೋ" ಅಂದ್ರೆ ಅವರಿಗೆ ಭಾಗ 5 ಮತ್ತು 8 ಕಳಿಸಿ. 'ಲೈವ್ ಪೀಸ್' ಕೊಳ್ಳೋಕೆ ಹೊರಟ ಗೆಳೆಯನಿಗೆ ಭಾಗ 9 ಕಳಿಸಿ.

ನೇತ್ರಾಣಿಯಲ್ಲಿ, ಲಕ್ಷದ್ವೀಪದಲ್ಲಿ, ಅಂಡಮಾನಿನಲ್ಲಿ ಹವಳವನ್ನ ಜೀವಂತವಾಗಿ ನೋಡಿದವರು ಯಾರಿದ್ದೀರಿ? ಯಾವ ವರ್ಷ ನೋಡಿದ್ರಿ, ಬಣ್ಣ ಹೇಗಿತ್ತು ಅಂತ ಕಾಮೆಂಟಿನಲ್ಲಿ ಬರೀರಿ. ಹತ್ತು ವರ್ಷದ ನಂತರ ಅಲ್ಲಿಗೆ ಹೋಗೋರಿಗೆ ಹೋಲಿಸಿ ನೋಡೋಕೆ ಬೇಕಾಗುತ್ತೆ.

#ಹವಳ #ಕಡಲು #ನೇತ್ರಾಣಿ #ಲಕ್ಷದ್ವೀಪ #ವಿಜ್ಞಾನದಇತಿಹಾಸ #ಕನ್ನಡದಲ್ಲಿವಿಜ್ಞಾನ